ಕಿರುಬೆರಳಿನ ಬೀಗ

ನಮ್ಮ ಕಡೆ ಒಬ್ಬ ಮನುಷ್ಯನನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡಬೇಕೆಂದರೆ ‘ಅವನು ಹೆಬ್ಬೆಟ್ಟು’ ಎನ್ನುತ್ತಾರೆ. ಕಳ್ಳ ಎಂದರೆ ಅವನು ಜಗಳಕ್ಕಾದರೂ ಬರಬಹುದು, ಕುಡುಕ ಎಂದರೆ ನಕ್ಕು ಸುಮ್ಮನಾಗಬಹುದು. ಹೆಬ್ಬೆಟ್ಟು ಎಂದರೆ ಎರಡೂ ಆಗುವುದಿಲ್ಲ. ಅಕ್ಷರ ಬಾರದವನು, ಕಾಗದದ ಮುಂದೆ ಕೂರಿಸಿದರೆ ಬೆರಳಿಗೆ ಮಸಿ ಹಚ್ಚಿಸಿಕೊಳ್ಳುವವನು, ಎಲ್ಲಿ ಒತ್ತು ಎಂದರೆ ಅಲ್ಲಿ ಒತ್ತುವವನು ಎಂದರ್ಥ. ಅದೇ ಹೆಬ್ಬೆಟ್ಟನ್ನು ಈಗ ಓದಿದವರೆಲ್ಲ ಬೆಳಿಗ್ಗೆ ಎದ್ದಾಗಿನಿಂದ ಫೋನಿಗೆ ಒತ್ತುತ್ತಿದ್ದಾರೆ. ಡಾಕ್ಟರು ಒತ್ತುತ್ತಾರೆ, ವಕೀಲರು ಒತ್ತುತ್ತಾರೆ, ಕಾಲೇಜಿನ ಮೇಷ್ಟ್ರು ಪಾಠ ನಿಲ್ಲಿಸಿ ಒತ್ತುತ್ತಾರೆ. ಮಸಿ ಒಂದಿಲ್ಲ, ಅಷ್ಟೇ. ಮಸಿ ಇದ್ದಾಗ ಅದಕ್ಕೆ ಅವಮಾನ ಎಂದು ಹೆಸರಿತ್ತು, ಮಸಿ ಹೋದ ಮೇಲೆ ಸೆಕ್ಯುರಿಟಿ ಎಂದು ಹೆಸರು ಬಂತು.

ನಾನು ಓದಿದ್ದು ಆರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಲೆಕ್ಕದ ಪೀರಿಯಡ್ಡಿನಲ್ಲಿ ಎದ್ದು ನಿಂತು ಕಿರುಬೆರಳೆತ್ತಿದೆ. ಕಿರುಬೆರಳೆತ್ತಿದರೆ ಒಂದಕ್ಕೆ ಹೋಗಬೇಕು ಎಂದು ಯಾವ ಮೇಷ್ಟ್ರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮೇಷ್ಟ್ರು ಬೋರ್ಡಿನಿಂದ ಮುಖ ತಿರುಗಿಸದೆ ತಲೆಯಾಡಿಸಿದರು. ಶಾಲೆಯ ಹಿಂದೆ ಹೋಗಿ ಕೆಲಸ ಮುಗಿಸಿದೆ. ವಾಪಸು ಬರುವಾಗ ರಸ್ತೆಯಾಚೆಯ ಲೇತ್ ಅಂಗಡಿಯ ಬಾಗಿಲು ತೆರೆದಿತ್ತು. ಒಳಗೆ ಕಬ್ಬಿಣದ ಸಲಾಕೆಯೊಂದು ಗರಗರ ತಿರುಗುತ್ತಿತ್ತು, ಅದರ ಮೈಯಿಂದ ಕಬ್ಬಿಣವೇ ಜಿಲೇಬಿಯ ಹಾಗೆ ಸುರುಳಿ ಸುರುಳಿಯಾಗಿ ಎದ್ದು ಬೀಳುತ್ತಿತ್ತು. ನೋಡುತ್ತ ನಿಂತೆ. ಮಾಲೀಕ ತಲೆಯೆತ್ತಿ, “ಏನ್ ನೋಡ್ತೀಯಲೇ, ಆ ಕಸ ಹೊಡಿ,” ಎಂದ. ಹೊಡೆದೆ. ಮರುದಿನವೂ ಹೊಡೆದೆ. ಹಾಗೆ ನೋಡಿದರೆ ನಾನು ಶಾಲೆ ಬಿಟ್ಟವನಲ್ಲ. ಒಂದಕ್ಕೆ ಹೋದವನು, ಇನ್ನೂ ವಾಪಸು ಹೋಗಿಲ್ಲ.

ಈಗ ಹರಿಹರದಲ್ಲಿ ನನ್ನದೇ ಲೇತ್ ಇದೆ. ಕೊಯ್ಲಿನ ಕಾಲಕ್ಕೆ ಮಲೆಬೆನ್ನೂರು, ನಂದಿಗುಡಿ ಕಡೆಯಿಂದ ಭತ್ತದ ಮಿಷನ್ನಿನ ಶಾಫ್ಟು ಮುರಿದುಕೊಂಡು, ಟ್ರ್ಯಾಕ್ಟರಿನ ಬುಶ್ಶು ಸವೆಸಿಕೊಂಡು ಜನ ನನ್ನ ಬಾಗಿಲಿಗೆ ಬರುತ್ತಾರೆ. ನನ್ನ ಕೈಯಿಂದ ಹೋದ ಶಾಫ್ಟು ಮತ್ತೆ ಅದೇ ರೋಗಕ್ಕೆ ವಾಪಸು ಬಂದದ್ದಿಲ್ಲ. ಇದನ್ನು ಜಂಬ ಎಂದು ತಿಳಿಯುವವರು ತಿಳಿಯಲಿ. ಜಂಬ ಪಡುವಷ್ಟು ಮೈ ಮುರಿದಿದ್ದೇನೆ.

ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದ ಶ್ರದ್ಧಾಂಜಲಿಯವರೆಗೆ ಓದುತ್ತೇನೆ. ಆದರೆ ಅಂಗಿಯ ಮೇಲೆ ಎಣ್ಣೆಯ ಕಲೆ ಇದ್ದರೆ ಜನ ಓದು ನೋಡುವುದಿಲ್ಲ, ಕಲೆ ನೋಡುತ್ತಾರೆ. ಒಮ್ಮೆ ಒಂದು ಆಫೀಸಿನಲ್ಲಿ ಗುಮಾಸ್ತರು ನನ್ನ ಅಂಗಿಯನ್ನು ನೋಡಿ, ಕೇಳುವ ಮೊದಲೇ ಮಸಿಯ ಡಬ್ಬಿಯನ್ನು ನನ್ನತ್ತ ತಳ್ಳಿ “ಒತ್ತು” ಎಂದರು. ನಾನು ಡಬ್ಬಿಯನ್ನು ಅವರತ್ತಲೇ ತಳ್ಳಿ ಅವರ ಜೇಬಿನ ಪೆನ್ನು ಕೇಳಿದೆ. ಕೊಟ್ಟರು. ಸಹಿ ಹಾಕಿದೆ. ನನ್ನ ಸಹಿ ಸಾಮಾನ್ಯದ್ದಲ್ಲ. ಮೊದಲ ಅಕ್ಷರದಿಂದ ಬಾಲ ಹೊರಟು ಇಡೀ ಹೆಸರನ್ನು ಸುತ್ತು ಹಾಕಿಕೊಂಡು ಬಂದು ಕೆಳಗೆ ಎರಡು ಚುಕ್ಕೆ ಇಡುತ್ತದೆ. ಗುಮಾಸ್ತರು ಅದನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ ನೋಡಿ, “ಸಹಿಯಾ ಇದು, ರಂಗೋಲಿಯಾ?” ಎಂದರು. ನನಗೆ ಪದಕ ಬಂದಷ್ಟು ಸಂತೋಷವಾಯಿತು. ನನ್ನ ಹೆಬ್ಬೆಟ್ಟು ಇನ್ನು ಯಾವ ಕಾಗದವನ್ನೂ ಮುಟ್ಟುವುದಿಲ್ಲ ಎಂದು ಅಂದೇ ಶಪಥ ಮಾಡಿದೆ.

ಫೋನು ಬಂದಾಗಲೂ ಶಪಥ ಉಳಿಸಿಕೊಂಡೆ. ನನ್ನ ಹಳೆಯ ಫೋನಿಗೆ ಗೆರೆ ಎಳೆದು ತೆಗೆಯುವ ಬೀಗವಿತ್ತು. ಸಹಿಯ ಬಾಲವನ್ನೇ ಅದಕ್ಕೆ ಗೆರೆಯಾಗಿ ಕೊಟ್ಟಿದ್ದೆ. ಇಷ್ಟು ಚಂದದ ಬೀಗ ದಾವಣಗೆರೆ ಜಿಲ್ಲೆಯಲ್ಲೇ ಇಲ್ಲ ಎಂದುಕೊಂಡಿದ್ದೆ. ಒಂದು ದಿನ ನನ್ನ ಅಂಗಡಿಯ ಹಳೆಯ ಕೆಲಸಗಾರ, ನನಗಿಂತ ವಯಸ್ಸಿನಲ್ಲಿ ಹಿರಿಯ, ಫೋನನ್ನು ಬಿಸಿಲಿಗೆ ಓರೆಯಾಗಿ ಹಿಡಿದು, “ಅಣ್ಣಾರೆ, ನಿಮ್ಮ ಬೀಗ ಬೀದಿಗೆಲ್ಲ ಕಾಣ್ತೈತ್ರಿ,” ಎಂದ. ನೋಡಿದರೆ ಗಾಜಿನ ಮೇಲೆ ನನ್ನ ಎಣ್ಣೆ ಬೆರಳು ಎಳೆದ ಬಾಲ ಹೊಳೆಯುತ್ತಿತ್ತು. ಅದರ ಮೇಲೆಯೇ ಬೆರಳಾಡಿಸಿ ಫೋನು ತೆಗೆದು ತೋರಿಸಿದ.

“ಎಷ್ಟು ದಿನದಿಂದ ತೆಗೀತಿದೀಯ?”

“ನಾ ಯಾಕ ತೆಗೀಲಿ? ನಿಮ್ಮ ಫೋನ್ನಾಗೆ ಏನೈತೆ? ಬರೇ ಶಾಫ್ಟಿನ ಫೋಟೋ!”

ಅವನಿಗೆ ಗೊತ್ತಿಲ್ಲದ್ದು ಒಂದಿತ್ತು. ನನ್ನ ಫೋನಿನಲ್ಲಿ ಒಂದು ಮೊಲ ಇತ್ತು.

ಮೊಲದ ವಿಷಯ ಹೇಳುವ ಮೊದಲು ನನ್ನ ಬಾಮೈದನ ವಿಷಯ ಹೇಳಬೇಕು. ಹೆಂಡತಿಯ ತಮ್ಮ, ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಮನೆ, ಕುರ್ಚಿ ಮೇಲೆ ಕೂತು ಮಾಡುವ ಕೆಲಸ, ಸಂಬಳದ ಆಚೆಗೆ ಷೇರು ಹಿಡಿಯುವ ಹವ್ಯಾಸ. ಅವನು ಮಾರ್ಕೆಟ್ಟಿನ ಬಗ್ಗೆ ಮಾತಾಡುವುದನ್ನು ಕೇಳಿದರೆ ಅದು ಅವರ ಮನೆಯ ಯಾರೋ ಹಿರಿಯರೆಂದೇ ತಿಳಿಯಬೇಕು. “ಮಾರ್ಕೆಟ್ ಇವತ್ತು ಸ್ವಲ್ಪ ಬೇಜಾರಾಗೈತೆ ಭಾವ.” “ನಿನ್ನೆ ಗಾಬರಿ ಆಗಿತ್ತು, ಈಗ ಸುಧಾರಿಸ್ಕೊಂಡೈತೆ.” ಇಂಥ ಮಾತು ಕೇಳಿ ನನ್ನ ಹೆಂಡತಿ ಒಮ್ಮೆ ನಿಜವಾಗಿಯೂ, “ಯಾವ ಆಸ್ಪತ್ರೆಗೆ ತೋರಿಸ್ತಿದೀರಾ?” ಎಂದು ಕೇಳಿದ್ದಳು.

ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬುದು ಅವನ ಪಾಲಿನ ಆಸ್ತಿ. ನನ್ನ ಫೋನಿಗೆ ಮೆಸೇಜು ಬಂದ ಸದ್ದಾದರೆ ಸಾಕು, ಕೈ ಚಾಚುತ್ತಿದ್ದ. “ಇಂಗ್ಲಿಷ್‌ನಾಗೆ ಇರ್ತೈತೆ ಭಾವ, ಕೊಡ್ರಿ, ನಾ ಓದ್ತೀನಿ.” ಆ ದನಿಯಲ್ಲಿ ಎಷ್ಟು ಕರುಣೆ ಇರುತ್ತಿತ್ತೆಂದರೆ ಎದುರಿಗೆ ಕೂತವರೆಲ್ಲ ನನ್ನನ್ನು ಕರುಣೆಯಿಂದ ನೋಡಲು ಶುರು ಮಾಡುತ್ತಿದ್ದರು. ಹೆಂಡತಿ ಎಸ್ಸೆಸ್ಸೆಲ್ಸಿ ಪಾಸು. ಮನೆಯಲ್ಲಿ ಅವಳೇ ಓದಿ ಹೇಳುತ್ತಿದ್ದಳು, ಒಂದು ದಿನವೂ ಹಂಗಿಸಿದವಳಲ್ಲ. ಆದರೆ ‘ಎಬಿಸಿಡಿ ಇಲ್ಲದೇನೇ ಲೇತ್ ಕಟ್ಟಿದೀನಿ, ಇನ್ನು ಯಾಕ ಬೇಕು ಆ ಇಂಗ್ಲಿಷು’ ಎಂದು ಅವಳ ಮುಂದೆಯೇ ಎಷ್ಟೋ ವರ್ಷ ಎದೆ ತಟ್ಟಿಕೊಂಡಿದ್ದೆ. ಈಗ ಅವಳನ್ನೇ ಕಲಿಸು ಎಂದು ಕೇಳಲು ನಾಲಿಗೆ ಬರಲಿಲ್ಲ.

ಹಾಗಾಗಿ ಮೊಲ. ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಆ್ಯಪು ಅದು. ಕೆಂಪು ಚಡ್ಡಿ ಹಾಕಿದ ಬಿಳಿ ಮೊಲ ‘ಎ ಫಾರ್ ಆ್ಯಪಲ್’ ಎನ್ನುತ್ತದೆ, ನಾವು ಹಿಂದೆಯೇ ಅನ್ನಬೇಕು. ಸರಿ ಹೇಳಿದರೆ ಚಪ್ಪಾಳೆ ತಟ್ಟಿ ಒಂದು ನಕ್ಷತ್ರ ಕೊಡುತ್ತದೆ. ತಪ್ಪು ಹೇಳಿದರೆ ಕಿವಿ ಇಳಿಬಿಟ್ಟುಕೊಂಡು ಅಳುತ್ತದೆ. ಹಿತ್ತಲಲ್ಲಿ ನೀರಿನ ಟ್ಯಾಂಕಿನ ಹಿಂದೆ ನಿಂತು, ಮೋಟರ್ ಹಾಕಿ, ಅದರ ಸದ್ದಿನ ಮರೆಯಲ್ಲಿ ನಾನು ‘ಆ್ಯಪಲ್, ಬಾಲ್, ಕ್ಯಾಟ್’ ಎನ್ನುತ್ತಿದ್ದೆ. ಟ್ಯಾಂಕು ದಿನವೂ ತುಂಬಿ ಹರಿಯುತ್ತಿತ್ತು. ಇದು ಬಾಮೈದನಿಗೆ ಗೊತ್ತಾದರೆ ಮುಂದಿನ ಎಲ್ಲ ಹಬ್ಬಗಳಲ್ಲೂ ಹೋಳಿಗೆಯ ಜೊತೆ ನನ್ನನ್ನೂ ಬಡಿಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ಅದೊಂದೇ ಕಾರಣಕ್ಕೆ ನನಗೆ ಬೀಗ ಬೇಕಿತ್ತು. ಜನ ದುಡ್ಡಿಗೆ ಬೀಗ ಹಾಕುತ್ತಾರೆ, ನಾನು ಮೊಲಕ್ಕೆ.

ಬೀಗ ಕೆಟ್ಟಿತು ಎಂದಾಗ ಬಾಮೈದನನ್ನೇ ಕೇಳಬೇಕಾಯಿತು. ಅವನಿಗೆ ಹಬ್ಬ. “ಭಾವ, ಗಾಜಿನ ಕೆಳಗೇ ಬೆರಳು ಗುರುತಿಸೋ ಫೋನ್ ಬಂದೈತೆ. ನಿಮ್ಮ ಬೆರಳು ಬಿಟ್ರೆ ದೇವರು ಬಂದ್ರೂ ತೆಗಿಯಲ್ಲ. ಆ ಕಂಪನಿ ಷೇರು ನನ್ನತ್ರ ಅದಾವೆ. ಕಣ್ಣು ಮುಚ್ಚಿ ತಗೊಳ್ರಿ.” ಕಣ್ಣು ಮುಚ್ಚಿಯೇ ತಗೊಂಡೆ.

ಹರಿಹರದ ಬಸ್‌ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿ. ಅಂಗಡಿಯವನು ಮೊದಲು ಗಾಜಿನ ಮೇಲೆ ಗಾರ್ಡು ಹಾಕಿದ. ಮೆತ್ತಗೆ, ದಪ್ಪಗೆ, ಹಲಸಿನ ತೊಳೆಯ ಹಾಗೆ ಇತ್ತು. “ಬಿದ್ರೂ ಏನಾಗಲ್ರಿ,” ಎಂದ. ಆಮೇಲೆ, “ಹೆಬ್ಬೆಟ್ಟು ಇಡ್ರಿ,” ಎಂದ.

“ಯಾಕ? ನಾ ಹೆಬ್ಬೆಟ್ಟಲ್ಲ. ಸಹಿ ಮಾಡ್ತೀನಿ.”

“ಫೋನಿಗೆ ಸಹಿ ನಡೆಯಲ್ರಿ ಅಣ್ಣಾರೆ.”

“ಬ್ಯಾರೆ ಬೆರಳು?”

“ಹತ್ತು ಅದಾವಲ್ರಿ, ಯಾವ್ದರ ಇಡ್ರಿ.”

ನಾನು ಕೈ ನೋಡಿಕೊಂಡೆ. ಲೇತಿನ ಕೆಲಸದಲ್ಲಿ ಎಲ್ಲ ಬೆರಳೂ ದುಡಿಯುತ್ತವೆ. ಕಿರುಬೆರಳು ಮಾತ್ರ ಮಾವನ ಮನೆಗೆ ಬಂದ ಅಳಿಯನ ಹಾಗೆ ಸ್ವಲ್ಪ ದೂರವೇ ಇದ್ದು, ಎಣ್ಣೆ ಮುಟ್ಟಿಸಿಕೊಳ್ಳದೆ ಚೊಕ್ಕಟವಾಗಿರುತ್ತದೆ. ಅದನ್ನೇ ಇಟ್ಟೆ. ಇಡಿ, ಎತ್ತಿ, ಮತ್ತೆ ಇಡಿ ಎಂದು ಫೋನು ಕೇಳಿದಷ್ಟು ಸಲ ಇಟ್ಟೆ. ಆಮೇಲೆ ಮುಟ್ಟಿದ್ದೇ ತಡ, ತಟಕ್ಕನೆ ತೆರೆದುಕೊಂಡಿತು. ನನ್ನನ್ನು ಇಷ್ಟು ಬೇಗ ಗುರುತು ಹಿಡಿದ ಮೊದಲ ವಸ್ತು ಅದು ಎಂದು ಹೆಮ್ಮೆಯಾಯಿತು. ಬ್ಯಾಂಕಿನಲ್ಲಿ ಕೂಡ ಅಷ್ಟು ಬೇಗ ಗುರುತು ಹಿಡಿಯುವುದಿಲ್ಲ.

ಅಂಗಡಿಯಲ್ಲಿ ನಾನು ಫೋನಿನ ಮುಂದೆ ಕಿರುಬೆರಳು ಎತ್ತಿದಾಗಲೆಲ್ಲ ಹಳೆಯ ಕೆಲಸಗಾರ ಮುಖ ಗಂಭೀರ ಮಾಡಿಕೊಂಡು, “ಹೋಗಿ ಬರ್ರಿ ಅಣ್ಣಾರೆ, ಮಿಷನ್ ನಾ ನೋಡ್ಕಂತೀನಿ,” ಎನ್ನುತ್ತಿದ್ದ. ಶಾಫ್ಟು ತಂದ ರೈತರು ಕೂಡ ನಗುತ್ತಿದ್ದರು. ನಗಲಿ ಎಂದುಕೊಂಡೆ. ನನ್ನ ಮೊಲ ಭದ್ರವಾಗಿತ್ತು.

ಭದ್ರವಷ್ಟೇ ಅಲ್ಲ, ಬೆಳೆಯುತ್ತಲೂ ಇತ್ತು. ಶುರುವಿನಲ್ಲಿ ನಾನು ‘ಜಿ’ ಹತ್ತಿರ ಸಿಕ್ಕಿಬಿದ್ದಿದ್ದೆ. ಅಕ್ಷರದ ಹೆಸರು ಜಿ, ಪ್ರಾಣಿ ಗೋಟ್. ಜಿ ಎಂದ ಮೇಲೆ ಜೋಟ್ ಆಗಬೇಕಲ್ಲ? ನಾನು ನ್ಯಾಯವಾಗಿ ಜೋಟ್ ಎಂದೆ, ಮೊಲ ಅತ್ತಿತು. ಮರುದಿನವೂ ಅತ್ತಿತು. ನನಗೂ ಹಟ, ಅದಕ್ಕೂ ಹಟ. ಮಧ್ಯಾಹ್ನ ಮನೆಗೆ ಬಂದು ಉಂಡು, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿ, ಒಂದು ಗಳಿಗೆ ಅಡ್ಡಾಗುವುದು ನನ್ನ ರೂಢಿ. ಒಂದು ದಿನ ಹಾಗೆ ಮಲಗಿ ಎದ್ದು ನೋಡುತ್ತೇನೆ, ಆಡು ದಾಟಿ ಕುದುರೆಗೆ ಬಂದಿದ್ದೇನೆ. ಇನ್ನೊಂದು ದಿನ ಎದ್ದರೆ ಮಂಕಿ. ಆಮೇಲೊಂದು ದಿನ ಅಂಬ್ರೆಲಾ. ಮೊಲದ ತುಂಬ ನಕ್ಷತ್ರ, ನನಗೊಂದು ಕಿರೀಟ.

ಬೇರೆ ಯಾರಾದರೂ ಆಗಿದ್ದರೆ ಇದನ್ನು ಅನುಮಾನಿಸುತ್ತಿದ್ದರು. ನಾನು ಅನುಮಾನಿಸಲಿಲ್ಲ. ಕೆಲವರಿಗೆ ವಿದ್ಯೆ ಮಲಗಿದಾಗ ತಲೆಗೆ ಇಳಿಯುತ್ತದೆ, ನಾನು ಆ ಜಾತಿಯವನಿರಬೇಕು ಎಂದು ತೀರ್ಮಾನಿಸಿದೆ. ಶಾಲೆಯಲ್ಲೂ ಮಲಗುತ್ತಿದ್ದೆನಲ್ಲ, ಆಗ ಮೇಷ್ಟ್ರು ಎಬ್ಬಿಸದೆ ಇದ್ದಿದ್ದರೆ ಎಲ್ಲಿಗೋ ಹೋಗುತ್ತಿದ್ದೆ ಎಂದೂ ಅನಿಸಿತು.

ಇಷ್ಟರಲ್ಲಿ ಟೀವಿಯಲ್ಲಿ ಸುದ್ದಿ ಬಂತು. ನನ್ನಂಥದೇ ಫೋನು ಎಲ್ಲೋ ಯಾರದೋ ಬೆರಳಿಗೆ ತೆರೆದುಕೊಂಡಿತಂತೆ. ಬೆಳಿಗ್ಗೆ ಚಹಾದಂಗಡಿಯಲ್ಲಿ ಅದೇ ಮಾತು. ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ಒಟ್ಟಿಗೇ ದೊಡ್ಡ ಮನಸ್ಸಿನವರಾದರು.

“ತೆಗುದ್ರೆ ತೆಗೀಲಿ ಬಿಡ್ರಿ, ನಮ್ಮ ಫೋನ್ನಾಗೆ ಕದಿಯಾಕೆ ಏನೈತೆ?”

“ಅದೇ ಮತ್ತೆ. ಮುಚ್ಚಿಡಾದು ಏನೂ ಇಲ್ಲದವ್ರಿಗೆ ಯಾಕ ಭಯ?”

“ಹಂಗಾರೆ ನಿನ್ನ ಫೋನ್ ಕೊಡು, ಒಂದು ಫೋನ್ ಮಾಡ್ಕಂತೀನಿ,” ಎಂದೆ ನಾನು. ಮುಚ್ಚಿಡುವುದು ಏನೂ ಇಲ್ಲದವನು ಎರಡೂ ಕೈಯಿಂದ ಜೇಬು ಮುಚ್ಚಿಕೊಂಡ. “ಚಾರ್ಜ್ ಇಲ್ಲಣ್ಣ,” ಎಂದ. ಪಕ್ಕದವನು ತನ್ನ ಫೋನನ್ನು ಬೆಂಚಿನ ಮೇಲೆ ಬೋರಲು ಹಾಕಿದ. ಯಾರೂ ಬೀಗ ಬದಲಿಸಲಿಲ್ಲ, ಯಾರೂ ಫೋನು ವಾಪಸು ಕೊಡಲಿಲ್ಲ. ಮಿರ್ಚಿ ಎಣ್ಣೆಯ ಬೆರಳನ್ನು ಪ್ಯಾಂಟಿಗೆ ಒರೆಸಿ ಮತ್ತೆ ಒತ್ತಿದರು, ಅಷ್ಟೇ.

ನನಗೆ ಮಾತ್ರ ಮೊಲ ನೆನಪಾಯಿತು. ಬಾಮೈದನಿಗೆ ಫೋನು ಮಾಡಿದೆ.

“ಸುದ್ದಿ ನೋಡಿದ್ಯೇನೋ?”

“ನೋಡಿದೆ ಭಾವ. ಮಾರ್ಕೆಟ್ ತಲೆ ಕೆಡಿಸ್ಕಂಡಿಲ್ಲ.”

“ಮಾರ್ಕೆಟ್ಟಿಂದಲ್ಲೋ, ನನ್ನ ಫೋನಿಂದು ಹೇಳು.”

“ಅದೇ ಹೇಳ್ತಿರಾದು. ಫೋನ್ ಕೆಟ್ಟಿದ್ರೆ ಷೇರು ಬೀಳ್ತಿತ್ತು. ಷೇರು ಬಿದ್ದಿಲ್ಲ. ಅಂದ್ಮೇಲೆ ನಿಮ್ಮ ಫೋನ್ ಸರಿ ಐತೆ.”

ಈ ತರ್ಕಕ್ಕೆ ಎದುರು ಹೇಳುವಷ್ಟು ಓದು ನನ್ನದಲ್ಲ. ಶಾಫ್ಟು ಮುರಿದಿದೆಯೋ ಇಲ್ಲವೋ ಎಂದು ತಿಳಿಯಲು ನಾನು ಶಾಫ್ಟು ನೋಡುತ್ತೇನೆ. ಅವನು ಬೇರೆ ಕಡೆ ನೋಡುತ್ತಾನೆ.

ಆ ಭಾನುವಾರ ಅವನ ಮಗಳ ಹುಟ್ಟುಹಬ್ಬ. ನಾನೂ ಹೆಂಡತಿಯೂ ಮಧ್ಯಾಹ್ನದ ಹೊತ್ತಿಗೆ ದಾವಣಗೆರೆಗೆ ಹೋದೆವು. ಮಹಡಿಯ ಮೇಲೆ ಶಾಮಿಯಾನ, ಒಂದು ಮೂಲೆಯಲ್ಲಿ ಕೇಕು, ಇನ್ನೊಂದು ಮೂಲೆಯಲ್ಲಿ ಬಾಮೈದನ ಷೇರು ಗೆಳೆಯರು. ಊಟದ ನಡುವೆ ಅವರಲ್ಲಿ ಕನ್ನಡಕದವರೊಬ್ಬರು ಮಾತು ತೆಗೆದರು.

“ಅಲ್ರೀ, ನೀವು ಅಷ್ಟು ಹೊಗಳೋ ಫೋನು ಯಾರ್ ಬೆರಳಿಟ್ರೂ ತೆಗೀತೈತಂತೆ?”

“ಪೇಪರ್‌ನೋರು ಬರೀತಾರೆ ಬಿಡ್ರಿ. ಮಾರ್ಕೆಟ್ ಮಿಸುಕಾಡಿಲ್ಲ.”

“ಮಾರ್ಕೆಟ್ ಇರ್ಲಿ, ಫೋನ್ ತೋರ್ಸ್ರಿ. ನಿಮ್ದು ಎಲ್ಲಿ?”

ಬಾಮೈದ ಸ್ವಲ್ಪ ತಡವರಿಸಿದ. “ನಂದು ಬ್ಯಾರೆ ಕಂಪನಿದು.”

“ಷೇರು ಇದ್ರದ್ದು, ಫೋನು ಅದ್ರದ್ದಾ?”

“ದುಡ್ಡು ಹಾಕಾದು ಬ್ಯಾರೆ, ಬಳಸಾದು ಬ್ಯಾರೆ ಸಾರ್,” ಎಂದು ಎಲ್ಲರ ಜೊತೆ ತಾನೂ ನಕ್ಕು, ನನ್ನತ್ತ ಕೈ ಚಾಚಿದ. “ನಮ್ಮ ಭಾವಂದು ಅದೇ ಫೋನ್. ಭಾವ, ಕೊಡ್ರಿ ಇಲ್ಲಿ. ಇವರ ಬಾಯಿ ಮುಚ್ಚಿಸ್ತೀನಿ.”

ಕೊಡದೆ ಇದ್ದರೆ ಏನೋ ಮುಚ್ಚಿಟ್ಟಿದ್ದಾನೆ ಎನ್ನುತ್ತಾರೆ. ಕೊಟ್ಟರೆ ಮೊಲ. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಿರುಗಿ ಕೂತು ಪಾಠ ಮಾಡಿದ್ದೆ, ಆ್ಯಪು ತೆರೆದೇ ಇತ್ತು. ಆದರೆ ಮೇಲೆ ಬೀಗವಿತ್ತಲ್ಲ. ನನ್ನ ಕಿರುಬೆರಳನ್ನು ನಂಬಿ ಕೊಟ್ಟೆ.

ಬಾಮೈದ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ತನ್ನ ಹೆಬ್ಬೆಟ್ಟನ್ನು ಒತ್ತಿದ. ತಟಕ್ಕನೆ ತೆರೆಯಿತು. “ವೆಲ್‌ಕಮ್ ಬ್ಯಾಕ್, ಚಾಂಪಿಯನ್!” ಎಂದು ಮೊಲ ಕೂಗಿತು. ಮಹಡಿಯ ಆ ತುದಿಯವರೆಗೂ ಕೇಳಿಸಿತು.

ಕನ್ನಡಕದವರು “ನೋಡಿದ್ರಾ!” ಎಂದು ಎಲೆಯ ಮುಂದೆಯೇ ಅರ್ಧ ಎದ್ದು ನಿಂತರು. ಬಾಮೈದನ ಮುಖದಲ್ಲಿ ಮೊಲದ ಚಿಂತೆ ಇರಲಿಲ್ಲ, ಷೇರಿನ ಚಿಂತೆ ಇತ್ತು. “ಒಂದ್ಸಲ ಹಂಗಾಗ್ತೈತೆ,” ಎಂದು ಆರಿಸಿ, ಕನ್ನಡಕದವರ ಬೆರಳು ಇಡಿಸಿದ. “ವೆಲ್‌ಕಮ್ ಬ್ಯಾಕ್, ಚಾಂಪಿಯನ್!” ಪಕ್ಕದವರದ್ದು ಇಡಿಸಿದ. ಚಾಂಪಿಯನ್. ಕೇಕಿನ ಕ್ರೀಮು ಮೆತ್ತಿಕೊಂಡ ಮಗಳ ಬೆರಳು. ಅವಳೂ ಚಾಂಪಿಯನ್. ಆ ಮೊಲ ಆ ಮಧ್ಯಾಹ್ನ ದೇವರಾಜ ಅರಸು ಬಡಾವಣೆಯಲ್ಲಿ ಯಾರನ್ನೂ ಚಾಂಪಿಯನ್ ಎನ್ನದೆ ಬಿಡಲಿಲ್ಲ. ಜನ ಸರತಿಯಲ್ಲಿ ಬಂದು ಬೆರಳಿಟ್ಟು ಹೋದರು.

ಷೇರಿನ ಮಾನ ಹೋಗುತ್ತಿದೆ ಎಂದು ಕಂಡ ಕೂಡಲೇ ಬಾಮೈದ ಅದನ್ನು ಉಳಿಸಿಕೊಳ್ಳಲು ನನ್ನ ಮಾನವನ್ನು ಮುಂದೆ ತಳ್ಳಿದ. “ಅದಿರ್ಲಿ, ಈ ಮೊಲ ಯಾರ್ದು ಭಾವ? ಎಬಿಸಿಡಿ ಕಲಿಯಾಕತ್ತೀರಾ? ಈ ವಯಸ್ಸಿನಾಗೆ?”

ಎಲ್ಲರೂ ನನ್ನತ್ತ ತಿರುಗಿದರು. ಬಾಯಲ್ಲಿದ್ದ ಹೋಳಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಇಷ್ಟು ವರ್ಷ ಕಾಯ್ದುಕೊಂಡು ಬಂದದ್ದು ಇನ್ನೊಂದು ನಗೆಗೆ ಮುರಿದು ಬೀಳುವುದಿತ್ತು.

“ಅದು ನಂದು,” ಎಂದಳು ನನ್ನ ಹೆಂಡತಿ.

ತುಪ್ಪದ ಗಿಂಡಿ ಹಿಡಿದು ಬಡಿಸುತ್ತಿದ್ದವಳು ನಿಂತಲ್ಲೇ ನಿಂತು ಹೇಳಿದಳು. “ಯಾಕ, ನಾ ಕಲೀಬಾರ್ದಾ? ಎಸ್ಸೆಸ್ಸೆಲ್ಸಿನಾಗೆ ಇಂಗ್ಲಿಷ್ ಹೆಂಗೋ ದಡ ಮುಟ್ಟಿಸಿದ್ದೆ. ಈಗ ಚೆಂದಾಗಿ ಕಲಿಯಾನ ಅಂತ ಅವರ ಫೋನ್ನಾಗೆ ಹಾಕ್ಕಂಡಿದೀನಿ. ನಿನಗೇನ್ ನಗು? ನೀನು ಹೆಂಗೆ ಪಾಸಾದೆ ಅಂತ ಹೇಳ್ಲಾ ಇಲ್ಲಿ? ಚೀಟಿ ಬರ್ದು ಕೊಟ್ಟಿದ್ದು ಯಾರು?”

ಬಾಮೈದ ಫೋನನ್ನು ನನ್ನ ಎಲೆಯ ಪಕ್ಕಕ್ಕೆ ಇಟ್ಟು, ಐಸ್‌ಕ್ರೀಮ್ ಬಂತೇನೋ ನೋಡುತ್ತೇನೆ ಎಂದು ಕೆಳಗೆ ಹೋದ. ಜನ ನಕ್ಕಿದ್ದು ಅವನನ್ನು ನೋಡಿ. ನಾನು ಉಳಿದೆ. ಹೋಳಿಗೆ ಇಳಿಯಿತು. ಹೆಂಡತಿಯತ್ತ ನೋಡಿದರೆ ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಫೋನನ್ನು ಒಮ್ಮೆ ನೋಡಿ, ನನ್ನ ಎಲೆಗೆ ತುಪ್ಪ ಹಾಕದೆ ಮುಂದೆ ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಉಪಕಾರ ನೆನೆಯಬೇಕೆಂದು ನಾನೇ ಮಾತು ತೆಗೆದೆ. “ಚೆನ್ನಾಗಿ ಸುಳ್ಳು ಹೇಳಿದೆ ಕಣೇ.”

“ಸುಳ್ಳು ಯಾಕ? ಅರ್ಧ ನಿಜಾನೇ.”

“ಅಂದ್ರೆ?”

“ಆ ಮೊಲ ಅಳ್ತಿತ್ರಿ. ಜಿ ಹತ್ರ ನೀವು ಅದನ್ನ ಅಳಿಸಿ ಅಳಿಸಿ ಬಿಟ್ಟಿದ್ರಿ. ನೋಡಾಕಾಗ್ಲಿಲ್ಲ. ಮಧ್ಯಾಹ್ನ ನೀವು ಮಲಗಿದ್ಮೇಲೆ ನಾ ಗೋಟ್ ಅಂದೆ. ಚಪ್ಪಾಳೆ ಹೊಡೀತು. ಆಮೇಲೆ ನಂಗೂ ರುಚಿ ಹತ್ತಿತು.”

ನನ್ನ ಕಿರೀಟ ಬಸ್ಸಿನಲ್ಲೇ ಕಳಚಿ ಬಿತ್ತು. ಆಡಿನಿಂದ ಅಂಬ್ರೆಲಾದವರೆಗೆ ನಡೆದವಳು ಅವಳು. ಮಲಗಿದಾಗ ತಲೆಗೆ ಇಳಿದದ್ದು ನಿದ್ದೆಯೊಂದೇ.

“ಪಾಪ ಅನ್ನಿಸ್ತಾ? ಯಾರ್ ಮೇಲೆ, ಮೊಲದ್ ಮೇಲಾ, ನನ್ ಮೇಲಾ?”

“ಇಬ್ರ ಮೇಲೂ.”

ಕಿಟಕಿಯ ಹೊರಗೇ ನೋಡುತ್ತ ಮುಂದುವರಿಸಿದಳು. “ಮೊಲದ್ದು ಬಿಡ್ರಿ. ಒಂದಿನ ಚಟ್ನಿ ರುಬ್ಬುವಾಗ ನಿಮ್ಮ ಫೋನ್ ಅಡ್ಡ ಬಂತು ಅಂತ ಸರಿಸಾಕೆ ಹೋದೆ. ಬೆರಳು ತಾಗ್ತು. ತೆಗೀತು. ಓಹೋ, ನಂಗೆ ಹೇಳ್ದೇನೇ ನನ್ನ ಬೆರಳೂ ಅದಕ್ಕೆ ಸೇರ್ಸಿದಾರೆ ಇವ್ರು, ನಿದ್ದೆ ಹತ್ತಿದಾಗ ಒತ್ತಿಸ್ಕಂಡಿರ್ಬೇಕು ಅಂದ್ಕಂಡೆ. ಬಾಯಿ ಬಿಟ್ಟು ಹೇಳೋ ಮನುಷ್ಯ ಅಲ್ಲ, ಹಿಂಗೆ ಮಾಡಿದಾರೆ ಅಂತ ಅವತ್ತೆಲ್ಲ ಖುಷಿಯಾಗಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇವತ್ತು ನೋಡಿದ್ರೆ ಆ ಕನ್ನಡಕದವ್ರ ಬೆರಳಿಗೂ ತೆಗೀತೈತೆ.”

ಅಷ್ಟು ದಿನ ಆ ಬೀಗದಿಂದ ನನ್ನ ಮಾನವೊಂದೇ ತೂಗುತ್ತಿದೆ ಎಂದುಕೊಂಡಿದ್ದೆ. ಇನ್ನೊಬ್ಬರು ಅದನ್ನೇ ಬೇರೇನೋ ಎಂದು ಎದೆಗೆ ಹಚ್ಚಿಕೊಂಡಿದ್ದು ನನಗೆ ಹೊಳೆದಿರಲಿಲ್ಲ. ಅವಳು ನಂಬಿದ್ದನ್ನು ನಾನು ಮಾಡಿರಲಿಲ್ಲ. ನನ್ನ ಹೆಸರಿನಲ್ಲಿ ಅದನ್ನು ಮಾಡಿದ್ದು ಹಲಸಿನ ತೊಳೆಯಂಥ ಒಂದು ಗಾರ್ಡು ಎಂದು ಆಮೇಲೆ ಗೊತ್ತಾಯಿತು.

ಹರಿಹರದಲ್ಲಿ ಇಳಿದವನೇ ಮನೆಯ ದಾರಿ ಹಿಡಿಯದೆ ಮೊಬೈಲ್ ಅಂಗಡಿಗೆ ನಡೆದೆ. ಅವಳು “ಎಲ್ಲಿಗ್ರಿ?” ಎನ್ನುತ್ತ ಹಿಂದೆ ಬಂದಳು. ಅಂಗಡಿಯವನಿಗೆ ಫೋನು ಕೊಟ್ಟು ಆದದ್ದು ಹೇಳಿದೆ.

“ಗಾರ್ಡ್ ತೆಗೀಬೇಕ್ರಿ ಅಣ್ಣಾರೆ. ಬೆರಳು ಕೊಡುವಾಗ ಗಾರ್ಡ್ ಮೇಲೆ ಇತ್ತಲ್ಲ, ಅದು ನಿಮ್ಮ ಬೆರಳು ಕಲ್ತೇ ಇಲ್ಲ. ಗಾರ್ಡ್ ಕಲ್ತೈತೆ. ಮೇಲೆ ಯಾರ್ ಒತ್ತಿದ್ರೂ ಅದಕ್ಕೆ ಗಾರ್ಡೇ ಕಾಣ್ತೈತೆ.”

“ಆ ಗಾರ್ಡ್ ಹಾಕಿದ್ದು ನೀನೇ ಅಲ್ವೇನೋ?”

“ನಾನೇರಿ. ತೆಗಿಯಾದೂ ನಾನೇ,” ಎಂದು ಸ್ವಲ್ಪವೂ ಬೇಸರವಿಲ್ಲದೆ ಕಿತ್ತುಹಾಕಿದ. ಹಳೆಯ ಗುರುತು ಅಳಿಸಿ ನನ್ನ ಕಿರುಬೆರಳನ್ನು ಹೊಸದಾಗಿ ಕೊಡಿಸಿದ. ಈ ಸಲ 'ಸರಿಯಾಗಿ ಇಡಿ' ಎಂದು ಫೋನು ಬಹಳ ಸಲ ಗೊಣಗಿತು. ನಿಜವಾಗಿ ಕಲಿಯುವವರು ಹಾಗೆಯೇ ಗೊಣಗುತ್ತಾರೆ ಎಂದು ನನಗೆ ಈಗ ಗೊತ್ತು.

“ಆಯ್ತು ಅಣ್ಣಾರೆ.”

“ಆಗಿಲ್ಲ. ಇನ್ನೊಂದು ಬೆರಳು ಸೇರ್ಸು,” ಎಂದು ಫೋನನ್ನು ಹೆಂಡತಿಯ ಮುಂದೆ ಹಿಡಿದೆ.

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು, ರಸ್ತೆಯಲ್ಲಿ ಯಾರಾದರೂ ಇದ್ದಾರೇನೋ ನೋಡಿದಳು.

“ಹೆಬ್ಬೆಟ್ಟು ಇಡ್ರಿ ಅಕ್ಕಾರೆ,” ಎಂದ ಅಂಗಡಿಯವನು.

“ನಾ ಎಸ್ಸೆಸ್ಸೆಲ್ಸಿ ಪಾಸು. ಹೆಬ್ಬೆಟ್ಟು ಒತ್ತಲ್ಲ,” ಎಂದು ತೋರುಬೆರಳು ಇಟ್ಟಳು.

ಆಮೇಲೆ ಪರೀಕ್ಷೆ. ಅಂಗಡಿಯವನ ಬೆರಳು ಇಡಿಸಿದೆ, ತೆರೆಯಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಒಬ್ಬರನ್ನು ಕರೆದು ಇಡಿಸಿದೆ, ತೆರೆಯಲಿಲ್ಲ. ಅವಳು ಇಟ್ಟಳು. “ವೆಲ್‌ಕಮ್ ಬ್ಯಾಕ್, ಚಾಂಪಿಯನ್!” ಬಸ್ಸಿಗೆ ಕಾಯುತ್ತಿದ್ದವರು ಬೆಚ್ಚಿಬಿದ್ದರು. ಮನೆಗೆ ನಡೆಯುವಾಗ ಫೋನು ಅವಳ ಕೈಯಲ್ಲೇ ಇತ್ತು. ದಾರಿಯುದ್ದಕ್ಕೂ ಆರಿಸುವುದು, ಬೆರಳಿಡುವುದು, ಆರಿಸುವುದು.

ಕಂಪನಿಯವರೂ ಏನೋ ಸರಿಪಡಿಸಿದರೆಂದು ಆಮೇಲೆ ಪೇಪರಿನಲ್ಲಿ ಓದಿದೆ. ಬಾಮೈದ ಫೋನು ಮಾಡಿ, “ಮಾರ್ಕೆಟ್ ಸಮಾಧಾನ ಆಗೈತೆ ಭಾವ, ಇನ್ನೊಂದಿಷ್ಟು ತಗೊಂಡೆ,” ಎಂದ. ಆ ಫೋನಿನ ಹುಳುಕನ್ನು ದಾವಣಗೆರೆಯಲ್ಲಿ ಮೊದಲು ಹೊರಗೆ ತಂದವನು ತಾನೇ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುತ್ತಿದ್ದಾನಂತೆ. ಹೇಳಿಕೊಳ್ಳಲಿ. ಈಗಲೂ ಅವನು ಬಳಸುವುದು ಬೇರೆ ಕಂಪನಿಯದ್ದನ್ನೇ.

ನಮ್ಮ ಪಾಠ ಈಗ ಟ್ಯಾಂಕಿನ ಹಿಂದೆ ನಡೆಯುವುದಿಲ್ಲ, ನಡುಮನೆಯಲ್ಲಿ ನಡೆಯುತ್ತದೆ. ಸಾಯಂಕಾಲ ಅಂಗಡಿ ಮುಚ್ಚಿ ಬಂದು ಕೈ ತೊಳೆದು ಕೂರುತ್ತೇನೆ. ಅವಳು ಎಲ್ಲ ನಕ್ಷತ್ರಗಳನ್ನೂ ಅಳಿಸಿ ನನ್ನನ್ನು ಮತ್ತೆ ಆ್ಯಪಲ್ಲಿಗೆ ಇಳಿಸಿದ್ದಾಳೆ. ಮೊಲವಾದರೂ ಅತ್ತು ಸುಮ್ಮನಾಗುತ್ತಿತ್ತು, ಇವಳು ಅಳುವುದಿಲ್ಲ, ಕಾರಣ ಕೇಳುತ್ತಾಳೆ. ಜಿ ಎಂದ ಮೇಲೆ ಜೋಟ್ ಯಾಕಾಗಬಾರದು ಎಂದು ನಾನು ಇನ್ನೂ ವಾದಿಸುತ್ತೇನೆ.

ಮೊನ್ನೆ ವಾದ ಜೋರಾಗಿ, ಸೋಲುವ ಲಕ್ಷಣ ಕಂಡು, ಎದ್ದು ನಿಂತೆ. ಅವಳು ಕಣ್ಣಲ್ಲೇ ಎಲ್ಲಿಗೆ ಎಂದು ಕೇಳಿದಳು. ನನಗೇ ಗೊತ್ತಿಲ್ಲದೆ ಕಿರುಬೆರಳು ಮೇಲೆದ್ದಿತ್ತು. ಫೋನು ಅವಳ ಕೈಯಲ್ಲಿತ್ತು, ಬೀಗ ತೆಗೆಯಲು ಎತ್ತಿದ್ದು ಎನ್ನುವ ಹಾಗಿರಲಿಲ್ಲ. ನಾನು ಶಾಲೆ ಬಿಟ್ಟ ಕತೆಯನ್ನು ಮದುವೆಯಾದ ಹೊಸದರಲ್ಲೇ ಅವಳಿಗೆ ಹೇಳಿದ್ದೆ.

“ಹೋಗ್ರಿ,” ಎಂದಳು, ಬೆರಳನ್ನೇ ನೋಡುತ್ತ. “ಆದ್ರೆ ಈ ಸಲ ವಾಪಸ್ ಬರ್ರಿ.”

ಹೋದೆ. ದಾರಿಯಲ್ಲಿ ಎಲ್ಲೂ ನಿಲ್ಲದೆ ವಾಪಸು ಬಂದು ಕೂತೆ.